ಸ್ವಂತ ಕೆಮ್ಮು

ಈಜುಕೊಳದ ಮಕ್ಕಳು ತಮಗೆ ಈಜು ಕಲಿಸುತ್ತಿದ್ದವರಿಗೆ ಇಟ್ಟ ಹೆಸರು ಕಹಳೆ ಮೇಷ್ಟ್ರು. ಈ ತುದಿಯಲ್ಲಿ ನಿಂತು "ಕಾಲು ಬಡಿ!" ಎಂದರೆ ಆ ತುದಿಯಲ್ಲಿ ನೀರಿನೊಳಗೆ ತಲೆ ಮುಳುಗಿಸಿದ್ದವರಿಗೂ ಕೇಳುತ್ತಿತ್ತು. ಮನೆಯಲ್ಲೂ ಅದೇ ಗಂಟಲು. "ರೀ, ನಾನು ಅಡುಗೆಮನೇಲಿದ್ದೀನಿ, ಆಚೆ ದಡದಲ್ಲಲ್ಲ" ಎಂದು ಹೆಂಡತಿ ರೇಗುತ್ತಿದ್ದಳು.

ಒಂದು ಬೆಳಿಗ್ಗೆ ಒದ್ದೆ ನೆಲದ ಮೇಲೆ ಕಾಲು ಜಾರಿ, ಕುತ್ತಿಗೆ ಕೊಳದ ಅಂಚಿಗೆ ಬಡಿಯಿತು. ಬೆನ್ನುಹುರಿಗೆ ಪೆಟ್ಟು ಬಿತ್ತು. ಅಂದಿನಿಂದ ಕುತ್ತಿಗೆಯ ಕೆಳಗಿನ ಮೈ ಮೇಷ್ಟ್ರ ಮಾತು ಕೇಳುವುದನ್ನು ಬಿಟ್ಟಿತು. ಭುಜ ಎತ್ತಬಲ್ಲರು, ಮೊಣಕೈ ಮಡಚಬಲ್ಲರು, ಅಷ್ಟೆ.

ಕೈಕಾಲು ಹೋದದ್ದು ನೋಡಲು ಬಂದವರ ಕಣ್ಣಿಗೆಲ್ಲ ಬೀಳುತ್ತಿತ್ತು. ಕೆಮ್ಮು ಹೋದದ್ದು ಹೆಂಡತಿಗೆ ಮಾತ್ರ ಗೊತ್ತಿತ್ತು. ಕೆಮ್ಮಬೇಕಾದರೆ ಹೊಟ್ಟೆಯ ಸ್ನಾಯುಗಳು ಬಿಗಿಯಾಗಿ ಹಿಂಡಬೇಕು. ಅವು ಸತ್ತಂತೆ ಬಿದ್ದಿದ್ದವು. ಎದೆಯಲ್ಲಿ ಕಫ ಕಟ್ಟಿದರೆ ಮೇಷ್ಟ್ರ ಕಣ್ಣು ಅಗಲವಾಗುತ್ತಿತ್ತು, ಬಾಯಿಂದ ಬರೀ ಗಾಳಿ. ಆಗ ಆಕೆ ಓಡಿಬಂದು ಎರಡೂ ಅಂಗೈಗಳನ್ನು ಅವರ ಹೊಟ್ಟೆಯ ಮೇಲೆ ಊರಿ, ಉಸಿರಿನ ಹದ ನೋಡಿಕೊಂಡು, ಒಳಕ್ಕೂ ಮೇಲಕ್ಕೂ ಒಂದೇ ಸಲ ತಳ್ಳಬೇಕು. ಕಫ ಕದಲಿದ ಮೇಲೆ ಇಬ್ಬರಿಗೂ ಜೀವ ಬರುತ್ತಿತ್ತು. ಹೀಗಿದ್ದೂ ಎರಡು ಸಲ ನ್ಯುಮೋನಿಯಾ ಆಯಿತು. ಕರೆಯೋಣವೆಂದರೆ ದನಿಯೂ ಪಿಸುಮಾತಿಗೆ ಇಳಿದಿತ್ತು. ಆಕೆ ಪಕ್ಕದ ಕೋಣೆಗೆ ಹೋದರೂ ಒಂದು ಕಿವಿಯನ್ನು ಅವರ ಬಳಿಯೇ ಬಿಟ್ಟು ಹೋಗುತ್ತಿದ್ದಳು.

ಎರಡನೇ ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿದ್ದಾಗ ಆಸ್ಪತ್ರೆಯ ಡಾಕ್ಟರಮ್ಮ ಹಾಸಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು. ಬೆನ್ನುಹುರಿಯ ಪೆಟ್ಟಿನ ಮೇಲೆ ಸಂಶೋಧನೆ ಮಾಡುತ್ತಿದ್ದ ತಂಡದ ಮುಖ್ಯಸ್ಥೆ ಅವರು.

"ಹೊಟ್ಟೆಗೆ ಅಂಟುಪಟ್ಟಿ ಹಚ್ಚಿ, ನೀವು ಕೆಮ್ಮೋಕೆ ಹೊರಟ ಕ್ಷಣಕ್ಕೆ ಸರಿಯಾಗಿ ಸಣ್ಣ ಕರೆಂಟ್ ಕೊಡ್ತೀವಿ. ಇದರಿಂದ ನಡೆಯೋಕಾಗಲ್ಲ, ಕೈ ಬರಲ್ಲ, ಆಸೆ ಇಟ್ಕೋಬೇಡಿ. ಕೆಮ್ಮು ಬರುತ್ತಾ ಅನ್ನೋದಷ್ಟೇ ನಮ್ಮ ಪ್ರಶ್ನೆ. ಬರದೇ ಇರಲೂಬಹುದು. ಬೇಡ ಅನ್ನಿಸಿದ ದಿನ ಬಿಟ್ಟುಬಿಡಿ."

ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿಯ ತಮ್ಮ ವೆಲ್ಡಿಂಗ್ ಕೆಲಸದವನು. "ಭಾವಾ, ಕರೆಂಟೇ ಬೇಕಿದ್ರೆ ನನ್ನ ಅಂಗಡಿಗೆ ಬರಬಾರದಿತ್ತಾ? ಪುಕ್ಕಟೆ ಕೊಡ್ತಿದ್ದೆ!" ಎಂದ.

"ನಗಿಸಬೇಡ್ವೋ ಮಾರಾಯ, ಕಫ ಸಿಕ್ಕಿಕೊಳ್ಳುತ್ತೆ," ಎಂದರು ಮೇಷ್ಟ್ರು, ನಗುತ್ತಲೇ. ನಿಜಕ್ಕೂ ಸಿಕ್ಕಿಕೊಂಡಿತು. ಹೆಂಡತಿ ತಮ್ಮನನ್ನು ದುರುಗುಟ್ಟಿ ನೋಡಿ ಹೊಟ್ಟೆ ಒತ್ತಲು ಧಾವಿಸಿದಳು. ಡಾಕ್ಟರಮ್ಮ ಆ ಕೈಗಳನ್ನೇ ನೋಡುತ್ತ ಕೂತರು. ಕಫ ಹೋದ ಮೇಲೆ ಮೇಷ್ಟ್ರು, "ಸೇರಿಸ್ಕೊಳ್ಳಿ ನನ್ನನ್ನ," ಎಂದರು.

ಪ್ರಯೋಗದ ಕೋಣೆಯಲ್ಲಿ ಒಂದು ಮಂಚ, ಒಂದು ಪರದೆ, ಸ್ಪಿರಿಟ್ಟಿನ ವಾಸನೆ. ಮೇಷ್ಟ್ರ ಬಾಯಿಗೆ ಒಂದು ಕೊಳವೆ ಕೊಟ್ಟರು; ಅವರು ಊದಿದ ಗಾಳಿ ಪರದೆಯ ಮೇಲೆ ಗೆರೆಯಾಗಿ ಏಳುತ್ತಿತ್ತು. ಮೊದಲು ಕರೆಂಟ್ ಇಲ್ಲದೆ ಕೆಮ್ಮಿಸಿದರು. ಗೆರೆ ಸ್ವಲ್ಪ ಉಬ್ಬಿ ಮಲಗಿತು. ಆಮೇಲೆ ಹೊಟ್ಟೆಯ ಎರಡೂ ಬದಿಗೆ ಪಟ್ಟಿ ಅಂಟಿಸಿ, ಮೇಲೆ ಬಟ್ಟೆ ಹೊದಿಸಿದರು. ಹೆಂಡತಿಗೆ ಸುಮ್ಮನೆ ನಿಂತಿರಲು ಆಗಲಿಲ್ಲ.

"ನೀವು ದಿನಾ ಕೈ ಇಡ್ತೀರಲ್ಲ, ಅಲ್ಲೇ ಬಟ್ಟೆ ಮೇಲೆ ಇಡಿ," ಎಂದರು ಡಾಕ್ಟರಮ್ಮ. "ತಳ್ಳಬೇಡಿ. ಬರೀ ಇಟ್ಕೊಂಡಿರಿ. ಮೇಷ್ಟ್ರೇ, ಉಸಿರು ತುಂಬಿಸ್ಕೊಳ್ಳಿ... ಈಗ!"

ಅವಳ ಅಂಗೈ ಕೆಳಗೆ ಆ ಹೊಟ್ಟೆ ಎದ್ದಿತು. ನಾದಿದ ಹಿಟ್ಟಿನಂತೆ ಬಿದ್ದಿದ್ದದ್ದು ಹಲಗೆಯಾಗಿ, ಒಳಗಿಂದ ಯಾರೋ ಅವಳ ಕೈಯನ್ನೇ ಹಿಂದಕ್ಕೆ ನೂಕಿದಂತಾಯಿತು. ಇಷ್ಟು ದಿನ ಅವಳು ತಳ್ಳುತ್ತಿದ್ದಳು, ಇವತ್ತು ಅದು ಅವಳನ್ನು ತಳ್ಳಿತು. ಜೊತೆಗೇ ಕೋಣೆಯಲ್ಲಿ "ಖೊಕ್!" ಎಂದು ಕೆಮ್ಮು ಸಿಡಿಯಿತು. ಗೆರೆ ಪರದೆಯ ಅರ್ಧಕ್ಕೆ ಹಾರಿತು.

ಮೇಷ್ಟ್ರು ಕೊಳವೆ ಉಗುಳಿ ತಮ್ಮ ಹೊಟ್ಟೆಯತ್ತ ಕಣ್ಣಿಳಿಸಿದರು. ಅವರಿಗೆ ಅಲ್ಲೇನೂ ತಿಳಿದಿರಲಿಲ್ಲ, ಸ್ಪರ್ಶವೇ ಇಲ್ಲವಲ್ಲ.

"ಏನಾಯ್ತೇ?" ಎಂದರು ಹೆಂಡತಿಗೆ.

"ನಿಮ್ಮ ಹೊಟ್ಟೇಲಿ ಬಲ ಇನ್ನೂ ಇದೆ ಕಣ್ರೀ," ಎಂದಳು ಅವಳು.

ಆಮೇಲೆ ದಿನವೂ ಅಭ್ಯಾಸ. ಯಂತ್ರವನ್ನು ಮನೆಗೇ ಕೊಟ್ಟರು. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಪರೀಕ್ಷೆ. ಅಂಥ ಒಂದು ಪರೀಕ್ಷೆಯ ನಡುವೆ ಮೇಷ್ಟ್ರ ಮುಖ ಕೆಂಪೇರಿ, ಹಣೆಯಿಂದ ಬೆವರು ಇಳಿದು, "ತಲೆ ಸೀಳಿಹೋಗ್ತಿದೆ" ಎಂದರು. ರಕ್ತದೊತ್ತಡ ಗಾಬರಿಯಾಗುವಷ್ಟು ಏರಿತ್ತು. ಡಾಕ್ಟರಮ್ಮ ತಕ್ಷಣ ಯಂತ್ರ ಆರಿಸಿ, ಅವರನ್ನು ನೆಟ್ಟಗೆ ಕೂರಿಸಿ, ಹೊದಿಕೆ ಸರಿಸಿ ನೋಡಿದರು. ಮೂತ್ರದ ಕೊಳವೆ ತೊಡೆಯ ಕೆಳಗೆ ಮಡಚಿಕೊಂಡಿತ್ತು. ಬಿಡಿಸಿದ ಮೇಲೆ ಮುಖದ ಬಣ್ಣ ನಿಧಾನಕ್ಕೆ ಇಳಿಯಿತು.

"ಮೂತ್ರಕೋಶ ತುಂಬಿದ್ದು ಅವರಿಗೆ ಗೊತ್ತಾಗಲ್ಲ. ಆದ್ರೆ ಮೈ ಹೀಗೆ ಕೂಗಿ ಹೇಳುತ್ತೆ. ಹಾಗೇ ಬಿಟ್ಟರೆ ಪ್ರಾಣಕ್ಕೇ ಅಪಾಯ," ಎಂದರು ಡಾಕ್ಟರಮ್ಮ.

"ಸಾಕು, ಇದೆಲ್ಲ ಬೇಡ. ನನ್ನ ಕೈ ಇದೆಯಲ್ಲ, ನಾನೇ ಒತ್ತುತ್ತೀನಿ," ಎಂದಳು ಹೆಂಡತಿ, ಸೆರಗಿನಲ್ಲಿ ಅವರ ಬೆವರು ಒರೆಸುತ್ತ.

ಮೇಷ್ಟ್ರು ಅವಳ ಕೈಗಳತ್ತ ನೋಡಿದರು. "ನಿನ್ನ ಕೈ ನೋಡ್ಕೊಂಡಿದೀಯಾ? ಮಣಿಕಟ್ಟು ಊದಿದೆ. ನಾನು ಬಿಡಲ್ಲ."

ಅಂದು ರೇಗಿಕೊಂಡೇ ಮನೆಗೆ ಬಂದಳು. ಆದರೆ ಮರುದಿನ ತಾನೇ ಮೊದಲು ಮೂತ್ರದ ಕೊಳವೆ ನೋಡಿ, ಆಮೇಲೆ ಪಟ್ಟಿ ಅಂಟಿಸಿದಳು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಆಕೆ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕೆಳಗೆ ಮನೆಯೊಳಗಿಂದ ಗಂಡಸೊಬ್ಬ ಜೋರಾಗಿ ಕೆಮ್ಮಿದ್ದು ಕೇಳಿಸಿತು. ಬಾಗಿಲು ಹಾಕಿ ಬಂದಿದ್ದೆನಲ್ಲ! ಬಟ್ಟೆಯನ್ನೆಲ್ಲ ಹೇಗೋ ಬಾಚಿಕೊಂಡು ಮೆಟ್ಟಿಲಿಳಿದು ಓಡಿದಳು.

"ಯಾರ್ರೀ ಬಂದಿದ್ದು?"

"ಯಾರೂ ಇಲ್ಲ."

"ಕೆಮ್ಮಿದ್ದು ಕೇಳಿಸ್ತು!"

ಮೇಷ್ಟ್ರ ಕಣ್ಣು ತುಂಬಿತ್ತು. "ನಾನೇ," ಎಂದರು.

ಅವಳು ಯಂತ್ರದ ಕಡೆ ನೋಡಿದಳು. ಅದು ಕಪಾಟಿನ ಮೇಲೆ, ವೈರು ಸುತ್ತಿಟ್ಟ ಹಾಗೇ ಇತ್ತು. ಬಟ್ಟೆ ನೆಲಕ್ಕೆ ಬಿತ್ತು. "ಇನ್ನೊಂದ್ಸಲ," ಎಂದಳು. ಅವರು ಕೆಮ್ಮಿದರು. "ಇನ್ನೊಂದ್ಸಲ ರೀ," ಎಂದಳು. ಅವರು ಕೆಮ್ಮುತ್ತಲೇ ನಕ್ಕರು, ನಗುವೂ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಡಾಕ್ಟರಮ್ಮ ಪಟ್ಟಿ ಹಚ್ಚದೆಯೇ ಕೆಮ್ಮಿಸಿದರು. ಗೆರೆ ಎದ್ದ ಎತ್ತರ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಮತ್ತೆ ಮಾಡಿಸಿದರು. ಪ್ರತಿಸಲವೂ ಅದೇ.

"ಇದು ಹೇಗಾಯ್ತು ಡಾಕ್ಟ್ರೇ?" ಎಂದ ಜೊತೆಗೆ ಬಂದಿದ್ದ ಹೆಂಡತಿಯ ತಮ್ಮ. ಅವನ ದನಿಯಲ್ಲಿ ಅಂದು ತಮಾಷೆ ಇರಲಿಲ್ಲ.

"ಸ್ನಾಯು ಬಲಗೊಂಡಿದೆ, ಅದು ಗೊತ್ತು. ಅಷ್ಟೇನಾ? ಪೆಟ್ಟು ತಿಂದ ಜಾಗದಲ್ಲಿ ಒಂದೆರಡು ನರದ ಎಳೆ ಉಳಿದಿದ್ದು, ಈಗ ದಾರಿ ಕಂಡುಕೊಂಡವಾ? ಗೊತ್ತಿಲ್ಲಪ್ಪ. ನಮ್ಮ ಪ್ರಯೋಗದಲ್ಲಿ ಇರೋರಲ್ಲಿ ಕೆಲವರಿಗೆ ಏನೂ ಆಗಿಲ್ಲ. ಇವರಿಗೆ ಆಗಿದೆ. ಬನ್ನಿ, ತೋರಿಸ್ತೀನಿ."

ಹೊಟ್ಟೆಗೆ ಜೆಲ್ ಬಳಿದು ಸ್ಕ್ಯಾನಿನ ಕಡ್ಡಿ ಇಟ್ಟರು. ಪರದೆಯ ಮೇಲೆ ಹೊಟ್ಟೆಯ ಸ್ನಾಯುಗಳ ಬೂದುಬಣ್ಣದ ಮೂರು ಪದರ, ಒಂದರ ಮೇಲೊಂದು ಮಲಗಿದ್ದವು. "ಕೆಮ್ಮಿ," ಎಂದರು. ಪದರಗಳು ಒಟ್ಟಿಗೆ ಉಬ್ಬಿ, ಜಾರಿ, ಮತ್ತೆ ಸಮವಾಗಿ ಹರಡಿಕೊಂಡವು.

ಮೇಷ್ಟ್ರು ಕತ್ತು ಚಾಚಿ, ತಮ್ಮೊಳಗೆ ತಮಗೇ ತಿಳಿಯದಂತೆ ನಡೆಯುತ್ತಿದ್ದ ಆ ಕೆಲಸವನ್ನು ಎವೆಯಿಕ್ಕದೆ ನೋಡಿದರು.

"ಇದು ನನ್ನದಾ?"

"ನಿಮ್ಮದೇ," ಎಂದರು ಡಾಕ್ಟರಮ್ಮ.

ಭಾವಮೈದ ಬಾಯಿ ತೆರೆದು ನಿಂತಿದ್ದ. ಹೆಂಡತಿ ಪರದೆಯ ಹತ್ತಿರ ಹೋಗಿ, ಮುಟ್ಟಬಹುದೇ ಎಂದು ಕೇಳಿ, ಬೆರಳ ತುದಿಯನ್ನು ಆ ಬೂದು ಪದರಗಳ ಮೇಲೆ ಇಟ್ಟಳು.