ಗಿರಾಕಿಯಲ್ಲದವಳು

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ ಕಿವಿಯಕ್ಕ ಮೇಜಿನ ಮೇಲೆ ಬಿಳಿ ಬಟ್ಟೆ ಹರಡಿ, ರಿಪೇರಿಗೆ ಬಂದ ಶ್ರವಣಯಂತ್ರಗಳನ್ನು ಸಾಲಾಗಿ ಇಟ್ಟುಕೊಂಡು, ಸಣ್ಣ ಬ್ರಷ್ಷಿನಿಂದ ಗುಗ್ಗೆ ತೆಗೆಯಲು ಕೂರುತ್ತಿದ್ದಳು. ಕಿವಿ ಪರೀಕ್ಷಿಸಿ, ತಕ್ಕ ಯಂತ್ರ ಆರಿಸಿ, ಅದನ್ನು ಹೊಂದಿಸಿಕೊಡುವುದು ಅವಳ ಕೆಲಸ. ಹನ್ನೆರಡು ವರ್ಷ ಅದನ್ನೇ ಮಾಡಿದ್ದರಿಂದ ಬೀದಿಯವರ ಬಾಯಲ್ಲಿ ಅವಳು ಕಿವಿಯಕ್ಕನೇ ಆಗಿಹೋಗಿದ್ದಳು. “ಊರವರ ಗುಗ್ಗೆ ತೆಗೆದೇ ನನ್ನ ಹೊಟ್ಟೆ ತುಂಬೋದು” ಎಂದು ಅವಳೂ ನಗುತ್ತಿದ್ದಳು.

ಆ ದಿನ ಮಾಲೀಕರು ಬೇಗ ಬಂದರು. ವ್ಯಾಪಾರದ ತರಬೇತಿಯೊಂದಕ್ಕೆ ಹೋಗಿ ಹಿಂದಿನ ಸಂಜೆಯಷ್ಟೇ ಮರಳಿದ್ದರು.

“ಇವತ್ತಿಂದ ಗಿರಾಕಿ ಅನ್ಬೇಡಿ, ಕಸ್ಟಮರ್ ಅಂತಲೂ ಅನ್ಬೇಡಿ. ಕ್ಲೈಂಟ್ ಅನ್ಬೇಕು.”

“ಏನ್ ಸಾರ್ ವ್ಯತ್ಯಾಸ?”

“ಗಿರಾಕಿ ಒಂದ್ಸಲ ಸಾಮಾನು ತಗೊಂಡು ಹೋಗ್ತಾನೆ. ಕ್ಲೈಂಟ್ ಹಾಗಲ್ಲ, ಮತ್ತೆ ಮತ್ತೆ ನಮ್ಮತ್ರಾನೇ ಬರ್ತಾನೆ.”

“ಹಾಗಾದ್ರೆ ನಮ್ಮ ಮೆಷಿನ್ನು ಕೆಟ್ಟಷ್ಟೂ ಒಳ್ಳೇದು ಅನ್ನಿ.”

ಮಾಲೀಕರು ನಗಲಿಲ್ಲ. ಅಷ್ಟರಲ್ಲಿ ಟೈಲರಮ್ಮ ಒಳಗೆ ಬಂದರು. ಹದಿನೈದು ದಿನಗಳಲ್ಲಿ ಇದು ಮೂರನೆಯ ಸಲ.

ಟೈಲರಮ್ಮನಿಗೆ ಐವತ್ತರ ಹತ್ತಿರ. ಹರೆಯವನ್ನೆಲ್ಲ ನೇಯ್ಗೆ ಕಾರ್ಖಾನೆಯ ಗದ್ದಲದಲ್ಲಿ ಕಳೆದು, ಕಿವಿಯನ್ನು ಅಲ್ಲೇ ಬಿಟ್ಟು ಬಂದವರು. ಈಗ ಒಂದು ಕೋಣೆ ಹಿಡಿದು, ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ನಿನಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಆರು ವರ್ಷ ಒಂಟಿಯಾಗಿ, ನಿಶ್ಶಬ್ದವಾಗಿ ಬದುಕಿದ ಮೇಲೆ ಕೊನೆಗೂ ಶ್ರವಣಯಂತ್ರ ಕೊಂಡಿದ್ದರು. ಮೊದಲ ದಿನ ತಮ್ಮ ಕತ್ತರಿಯ ಸದ್ದು ಕೇಳಿಸಿಕೊಂಡು ಮಗುವಿನಂತೆ ನಕ್ಕಿದ್ದರು. ಮೂರನೆಯ ದಿನ ವಾಪಸ್ಸು ಬಂದು ಕಿವಿಯಕ್ಕನ ಹತ್ತಿರ ಕೂತು, ತಗ್ಗಿದ ದನಿಯಲ್ಲಿ ಹೇಳಿದ್ದರು:

“ನಾನು ಹೊಲಿಗೆಗೆ ಕೂತರೆ ಯಾರೋ ಊ… ಅಂತಾರಮ್ಮ. ತುಳಿಯೋದು ನಿಲ್ಲಿಸಿದ್ರೆ ಅದೂ ನಿಲ್ಲುತ್ತೆ. ಆದ್ರೆ ಆ ಕ್ಷಣಕ್ಕೇ ಅಲ್ಲ. ಒಂದು ಗಳಿಗೆ ಕಾದು, ಆಮೇಲೆ.”

ಯಂತ್ರ ಕಿವಿಯಲ್ಲಿ ಸರಿಯಾಗಿ ಕೂರದಿದ್ದರೆ ಸಿಳ್ಳೆ ಹೊಡೆಯುತ್ತದೆ. ಅದೇ ಇರಬೇಕೆಂದು ಕಿವಿಯಕ್ಕ ತುದಿಯ ರಬ್ಬರನ್ನು ಬದಲಾಯಿಸಿ ಕಳಿಸಿದ್ದಳು. ಎರಡನೆಯ ಸಲ ಬಂದಾಗ ಕಂಪ್ಯೂಟರಿಗೆ ಜೋಡಿಸಿ, ಆ ಮಟ್ಟದ ಸದ್ದುಗಳನ್ನೆಲ್ಲ ತಗ್ಗಿಸಿದ್ದಳು. “ಇನ್ನು ಬರಲ್ಲ ಬಿಡಿ” ಎಂದಿದ್ದಳು.

“ನೀನು ಅದನ್ನ ಕಳಿಸಿಲ್ಲಮ್ಮ” ಎಂದರು ಈಗ ಟೈಲರಮ್ಮ. “ದೂರ ನಿಲ್ಲಿಸಿದ್ದೀಯ, ಅಷ್ಟೆ. ಮೊದಲು ಪಕ್ಕದಲ್ಲಿ ಕೂತು ಕರೀತಿತ್ತು. ಈಗ ಎಲ್ಲೋ ಬಾವಿಯೊಳಗಿಂದ ಕರೆದ ಹಾಗಿದೆ. ನಿನ್ನೆ ಇದನ್ನ ಕಿತ್ತಿಟ್ಟು, ಬರೀ ಕೈಯನ್ನ ಗೋಡೆಗೆ ಇಟ್ಟು ನೋಡ್ದೆ. ಗೋಡೆ ಮಿಡೀತಾ ಇತ್ತು.”

ಮಾಲೀಕರು ತಮ್ಮ ಮೇಜಿನಿಂದಲೇ ಹೇಳಿದರು: “ಹೊಸ ಮಾಡೆಲ್ ತೋರಿಸಿ ಇವರಿಗೆ. ಬೇಡದ ಸದ್ದನ್ನ ಅದೇ ಹುಡುಕಿ ಮುಚ್ಚಿಹಾಕುತ್ತೆ.”

ಟೈಲರಮ್ಮ ಅವರತ್ತ ತಿರುಗಿದರು. “ಬೇಡದ್ದು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ ಸ್ವಾಮಿ? ರೆಡಿಮೇಡ್ ಅಂಗಡಿಯವನು ಕೇಳಿದ್ದನ್ನ ಕೊಟ್ಟು ಕೈತೊಳ್ಕೋತಾನೆ. ನಾನು ಹಾಗೆ ಮಾಡೋಕಾಗಲ್ಲ. ಬಂದೋರನ್ನ ನಿಲ್ಲಿಸಿ ಅಳತೆ ತಗೊಂಡು, ನಿನ್ನ ಒಂದು ಭುಜ ತಗ್ಗಿದೆ, ಇದು ನಿಂಗೆ ಕೂರಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕು. ಬೇಜಾರಾದ್ರೂ ಹೇಳ್ಬೇಕು.”

ಕಿವಿಯಕ್ಕನ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಈ ಹೆಂಗಸು ಹಿಂದೆ ಬಂದ ಎರಡು ಸಲವೂ ತಾನು ನೋಡಿದ್ದು ಯಂತ್ರವನ್ನು. ಆಕೆ ಕೂರುವ ಜಾಗ ಹೇಗಿದೆ, ಪಕ್ಕದಲ್ಲಿ ಏನಿದೆ ಎಂದು ಒಂದು ಮಾತೂ ವಿಚಾರಿಸಿರಲಿಲ್ಲ.

“ಮಧ್ಯಾಹ್ನ ನಿಮ್ಮ ಮನೆಗೆ ಬರ್ತೀನಮ್ಮ” ಎಂದಳು.

ಮೂರು ಮಹಡಿಯ ಹಳೆಯ ಕಟ್ಟಡ. ಒಂದೊಂದು ಮಹಡಿಯಲ್ಲೂ ಉದ್ದನೆಯ ಓಣಿ, ಎರಡು ಬದಿಗೂ ಒತ್ತೊತ್ತಾಗಿ ಬಾಗಿಲುಗಳು. ಮಧ್ಯಾಹ್ನವಾದರೂ ಓಣಿಯಲ್ಲಿ ದೀಪ ಉರಿಯುತ್ತಿತ್ತು. ಟೈಲರಮ್ಮನ ಪಕ್ಕದ ಮನೆಯ ಬಾಗಿಲಿಗೆ ದಪ್ಪ ಬೀಗ. ಎದುರು ಮನೆಯ ಹೆಂಗಸು ಹೊಸ್ತಿಲಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು.

ಕೋಣೆಯೊಳಗೆ ಹೊಲಿಗೆ ಮೆಷಿನ್ನು ಆ ಬೀಗದ ಮನೆಯ ಗೋಡೆಗೇ ಆನಿಕೊಂಡಿತ್ತು. ಟೈಲರಮ್ಮ ಕೂತು ತುಳಿಯತೊಡಗಿದರು. ಕಿವಿಯಕ್ಕ ಗೋಡೆಯ ಬಳಿ ಉಸಿರು ಬಿಗಿಹಿಡಿದು ನಿಂತಳು.

ಮೊದಲು ಮೆಷಿನ್ನಿನ ಸದ್ದು ಮಾತ್ರ. ಆಮೇಲೆ ಅದರ ಮೇಲೆ ಎಳೆಯಂತೆ ಇನ್ನೊಂದು ಸದ್ದು ಎದ್ದಿತು. ಊ… ಎಂಬ ಒಂದೇ ಸ್ವರ. ಏರಿಲ್ಲ, ಇಳಿತವಿಲ್ಲ. ಅಳುವೂ ಅಲ್ಲ, ಹಾಡೂ ಅಲ್ಲ. ಯಂತ್ರದ ನೆರವಿಲ್ಲದ ಅವಳ ಕಿವಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ಟೈಲರಮ್ಮ ಪಾದ ಎತ್ತಿದರು. ಮೆಷಿನ್ನು ನಿಂತಿತು. ಗೋಡೆಯಾಚೆಯ ದನಿ ಒಂದು ಗಳಿಗೆ ಮುಂದುವರಿದು, ತಾನೊಂದೇ ಉಳಿದೆ ಎಂದು ತಿಳಿದಂತೆ ನಿಂತುಹೋಯಿತು.

“ಯಾರಿದ್ದೀರಿ?” ಕಿವಿಯಕ್ಕ ಗೋಡೆಗೆ ಬಾಯಿಟ್ಟು ಕೂಗಿದಳು. ಉತ್ತರವಿಲ್ಲ. ಜೋರಾಗಿ ಚಪ್ಪಾಳೆ ತಟ್ಟಿದಳು. ಇಲ್ಲ. ಏನೋ ಹೊಳೆದು, ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಗುದ್ದಿದಳು.

ಆ ಕಡೆಯಿಂದ ಒಂದು ಗುದ್ದು ಬಂತು.

ಎರಡು ಸಲ ಗುದ್ದಿದಳು. ಎರಡು ಬಂತು. ಮೂರಕ್ಕೆ ಮೂರು. ಅವಳು ಬೆಚ್ಚಿ ಕಾಲನ್ನು ಹಿಂದೆ ತೆಗೆದುಕೊಂಡಳು. ಆಗ ಯಾರೂ ಕೇಳದೆಯೇ ಗೋಡೆಯಾಚೆಯಿಂದ ನಾಲ್ಕು ಗುದ್ದು ಬಂದವು, ನಿಧಾನವಾಗಿ, ಒಂದೊಂದಾಗಿ.

“ದೆವ್ವಾನಾ ಅಮ್ಮ?” ಟೈಲರಮ್ಮ ಕೇಳಿದರು.

“ಅಲ್ಲ.” ಕಿವಿಯಕ್ಕ ಗೋಡೆಗೆ ಅಂಗೈ ಇಟ್ಟಳು. “ಕೂಗಿದ್ರೆ ಗೊತ್ತಾಗ್ತಿಲ್ಲ. ನೆಲ, ಗೋಡೆ ನಡುಗಿದ್ರೆ ಮಾತ್ರ ಗೊತ್ತಾಗ್ತಿದೆ. ತನ್ನ ದನೀನ ತಾನೇ ಯಾವತ್ತೂ ಕೇಳದೇ ಇರೋರು ಮಾಡೋ ಸದ್ದು ಅದು. ಅಲ್ಲಿರೋರು ಕಿವುಡರು.”

ಹೋದ ವಾರ ತಾನು ಕಂಪ್ಯೂಟರಿನ ಮುಂದೆ ಕೂತು ತಗ್ಗಿಸಿದ್ದು ಈ ದನಿಯನ್ನೇ ಎಂಬುದು ಅವಳಿಗೆ ಆಗ ಹೊಳೆಯಿತು. ಮೆಷಿನ್ನು ಆ ಗೋಡೆಗೆ ಆನಿಕೊಂಡು ಆರು ವರ್ಷವಾಗಿತ್ತು. ಆರು ವರ್ಷ ಯಾರೋ ಓಗೊಡುತ್ತಲೇ ಇದ್ದರು.

ಹೊರಗೆ ಬಂದು ಎದುರು ಮನೆಯವಳನ್ನು ವಿಚಾರಿಸಿದಳು. ಅವಳು ಚಾಕುವಿನಿಂದ ಕಣ್ಣೆತ್ತಲಿಲ್ಲ.

“ಅದು ನೀರಿನ ಪೈಪಿನ ಸದ್ದು.”

“ಪೈಪು ಎಣಿಸುತ್ತಾ ಅಕ್ಕ?”

ಚಾಕು ನಿಂತಿತು. “ನೋಡಿ, ಅಲ್ಲಿರೋರು ಬೇಕರಿ ಕೆಲಸದವರು, ಆ ಮನೆಗೆ ಬಂದಾಗ ಇಬ್ಬರಿದ್ರು, ಅಣ್ಣ ತಂಗಿ. ಆಮೇಲೆ ಒಬ್ರೇ ಕಾಣ್ತಾರೆ. ಮೊದಮೊದಲು ನಮಗೂ ಎದೆ ಝಲ್ ಅಂತಿತ್ತು. ಈಗ ಅಭ್ಯಾಸ ಆಗಿದೆ. ಊರ ಉಸಾಬರಿ ನಮಗ್ಯಾಕೆ? ಅವರೇನು ಕೆಟ್ಟವರಲ್ಲ, ನಮ್ಮ ಮಕ್ಕಳಿಗೆ ಬನ್ನು ತಂದ್ಕೊಡ್ತಾರೆ.”

ಆ ಮಹಡಿಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಕೇಳಿದವರು ಯಾರೂ ಇರಲಿಲ್ಲ.

ಮೂರು ಗಂಟೆಗೆ ಅಣ್ಣ ಬಂದ. ನಲವತ್ತು ದಾಟಿದವನು. ಮೊಣಕೈವರೆಗೂ ಹಿಟ್ಟು ಮೆತ್ತಿದ್ದ ತೋಳು, ನಿದ್ದೆ ಕಾಣದ ಕಣ್ಣು. ಇಬ್ಬರು ಹೆಂಗಸರು ತನ್ನ ಬಾಗಿಲಲ್ಲಿ ನಿಂತಿದ್ದನ್ನು ಕಂಡು ಬೀಗದ ಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

“ನಮ್ಮ ಮನೆಯಲ್ಲಿ ಯಾರೂ ಇಲ್ಲ.”

“ನಾನು ಪೊಲೀಸ್ ಅಲ್ಲ ಅಣ್ಣ. ಕಿವಿ ನೋಡೋಳು. ನಿಮ್ಮ ತಂಗಿಗೆ ಕಿವಿ ಕೇಳಿಸಲ್ಲ ಅನ್ನೋದು ನಿಮಗೆ ಗೊತ್ತಾ?”

ಅವನು ಓಣಿಯ ಎರಡೂ ಕಡೆ ಕಣ್ಣಾಡಿಸಿ, ದನಿ ತಗ್ಗಿಸಿದ. “ಅವಳಿಗೆ ಬುದ್ಧಿ ಇಲ್ಲ ಮೇಡಂ. ಹುಟ್ಟಿದಾಗಿಂದ. ಕರೆದ್ರೆ ತಿರುಗಲ್ಲ, ಹೇಳಿದ್ದು ಮಾಡಲ್ಲ. ಸಣ್ಣವಳಿದ್ದಾಗ ಯಾರೋ ಡಾಕ್ಟರು ನೋಡಿ, ಇದು ಇಷ್ಟೇ ಅಂದ್ರಂತೆ. ಅಮ್ಮ ಅದನ್ನೇ ನಂಬ್ಕೊಂಡು ಸತ್ತಳು.”

“ಕಿವಿ ಪರೀಕ್ಷೆ?”

“ಬುದ್ಧಿ ಇಲ್ಲದೋರಿಗೆ ಕಿವಿ ಪರೀಕ್ಷೆ ಯಾರು ಮಾಡಿಸ್ತಾರೆ?” ಅವನ ದನಿ ಗಡುಸಾಯಿತು. “ನಿಮಗೆ ಹೇಳೋದು ಸುಲಭ. ಎರಡು ಸಲ ರಸ್ತೆಗೆ ಓಡಿದಳು. ಒಂದು ಸಲ ಲಾರಿ ಮೈಮೇಲೆ ಬರೋದಿತ್ತು, ಹಾರ್ನ್ ಹೊಡೆದ್ರೂ ಕದಲಲಿಲ್ಲ. ನಾನು ನಸುಕಲ್ಲಿ ಕೆಲಸಕ್ಕೆ ಹೋಗ್ಬೇಕು. ನೋಡ್ಕೊಳ್ಳೋರು ಯಾರು? ಮದುವೇನೂ ಮಾಡ್ಕೊಂಡಿಲ್ಲ ನಾನು. ಅವಳಿಗೆ ಒಂದು ಹೊತ್ತು ಊಟ ತಪ್ಪಿಸಿಲ್ಲ. ಬೀಗ ಹಾಕಿದ್ದೀನಿ, ನಿಜ. ಬೀಗ ಇಲ್ಲದೇ ಇದ್ದಿದ್ರೆ ಇವತ್ತು ಅವಳೇ ಇರ್ತಿರಲಿಲ್ಲ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. “ಹಾರ್ನ್ ಕೇಳಿಸಿರಲಿಲ್ಲ, ಅಣ್ಣ” ಎಂದಷ್ಟೇ ಕಿವಿಯಕ್ಕ ಹೇಳಿದಳು.

ಅವನು ಬಾಗಿಲು ತೆರೆದ. ಒಳಗೆ ಇನ್ನೊಂದು ಬಾಗಿಲು. ಅದಕ್ಕೆ ಹೊರಗಿನಿಂದ ಚಿಲಕ. ಕೋಣೆ ಚೊಕ್ಕಟವಾಗಿತ್ತು. ಮಡಿಸಿದ ಹಾಸಿಗೆ, ಮುಚ್ಚಿಟ್ಟ ಊಟದ ಡಬ್ಬಿ, ಕಾಗದ ಅಂಟಿಸಿದ ಕಿಟಕಿ. ಟೈಲರಮ್ಮನ ಕಡೆಯ ಗೋಡೆಯಲ್ಲಿ, ಸರಿಯಾಗಿ ಮೆಷಿನ್ನು ಇರುವಷ್ಟು ಎತ್ತರದಲ್ಲಿ, ಸುಣ್ಣ ಸವೆದು ಹೊಳೆಯುವ ಕಪ್ಪು ಕಲೆಗಳು. ಎರಡು ಅಂಗೈಗಳ ಗುರುತು. ನಡುವೆ ಇನ್ನೊಂದು, ಕೆನ್ನೆ ಒತ್ತಿ ಒತ್ತಿ ಮೂಡಿದ್ದು.

ಆ ಗೋಡೆಗೆ ಆನಿಕೊಂಡು ಮೂವತ್ತನಾಲ್ಕರ ಹೆಂಗಸೊಬ್ಬಳು ಕೂತಿದ್ದಳು. ಬಾಗಿಲು ತೆರೆದ ಸದ್ದಿಗೆ ತಿರುಗಲಿಲ್ಲ. ಬೆಳಕು ಬಿದ್ದಾಗ ತಿರುಗಿದಳು. ಅವಳ ನೋಟ ಅಣ್ಣನಿಂದ ಕಿವಿಯಕ್ಕನಿಗೆ, ಅಲ್ಲಿಂದ ಟೈಲರಮ್ಮನಿಗೆ ಹೋಯಿತು. ಟೈಲರಮ್ಮನ ಬೆರಳಿಗೆ ಸೂಜಿ ಚುಚ್ಚದಂತೆ ತೊಟ್ಟಿದ್ದ ಲೋಹದ ಅಂಗುಷ್ಠಾನವನ್ನು, ತೋಳಿಗೆ ಅಂಟಿದ್ದ ದಾರದ ತುಣುಕುಗಳನ್ನು ಗಮನವಿಟ್ಟು ನೋಡಿದಳು. ಬುದ್ಧಿ ಇಲ್ಲದವರು ಹಾಗೆ ನೋಡುವುದಿಲ್ಲ ಎಂದು ಕಿವಿಯಕ್ಕನಿಗೆ ಅನ್ನಿಸಿತು.

ಮರುದಿನ ಅಂಗಡಿಯ ಗಾಜಿನ ಕೋಣೆಯಲ್ಲಿ ಎರಡು ಗಂಟೆ ಪರೀಕ್ಷೆ ನಡೆಯಿತು. ಅಣ್ಣ ಒಗೆದ ಅಂಗಿ ತೊಟ್ಟು, ಟೋಪಿಯನ್ನು ಕೈಯಲ್ಲಿ ಹಿಡಿದು ಕೂತಿದ್ದ. ತಂಗಿಯ ಕಿವಿ ಯಾವ ಮಟ್ಟದ ಸದ್ದಿಗೂ ಮಿಸುಕಲಿಲ್ಲ.

“ಇರೋದ್ರಲ್ಲಿ ಅತ್ಯಂತ ದುಬಾರಿದು ಯಾವುದೋ ಅದನ್ನೇ ಕೊಡಿ ಮೇಡಂ. ಅಮ್ಮನ ಕಾಲದ್ದು ಏನೇನಿದೆಯೋ ಎಲ್ಲಾ ಮಾರ್ತೀನಿ” ಎಂದ ಅಣ್ಣ.

ಮಾಲೀಕರು ಆಗಲೇ ಪೆಟ್ಟಿಗೆ ತೆಗೆದಿದ್ದರು. ಕಿವಿಯಕ್ಕ ಅವರನ್ನು ಪಕ್ಕಕ್ಕೆ ಕರೆದಳು.

“ಬೇಡ ಸಾರ್. ಇವಳಿಗೆ ಯಾವುದೂ ಉಪಯೋಗಕ್ಕೆ ಬರಲ್ಲ. ಕೇಳೋ ನರವೇ ಸತ್ತಿದೆ ಅನ್ನಿಸುತ್ತೆ.”

“ಅದನ್ನ ಹೇಳೋಕೆ ನಾವ್ಯಾರು? ಮನುಷ್ಯ ತಾನಾಗೇ ಕೇಳ್ತಿದ್ದಾನೆ. ಕೊಡದೇ ಕಳಿಸಿದ್ರೆ ಮುಂದಿನ ಅಂಗಡೀಲಿ ತಗೋತಾನೆ. ನನಗೂ ಬಾಡಿಗೆ ಇದೆ, ನಿಮಗೂ ಸಂಬಳ ಆಗ್ಬೇಕು.”

“ನಿಜ ಸಾರ್. ಗಿರಾಕಿ ಆಗಿದ್ರೆ ಕೇಳಿದ್ದನ್ನ ಕೊಟ್ಟು ಕಳಿಸಬಹುದಿತ್ತು. ಕ್ಲೈಂಟ್ ಅನ್ಬೇಕು ಅಂದಿದ್ದು ನೀವೇ.”

ಪೆಟ್ಟಿಗೆ ಮಾಲೀಕರ ಕೈಯಲ್ಲೇ ಉಳಿಯಿತು.

ಅವಳು ಅಣ್ಣನ ಎದುರು ಕೂತು ಇದ್ದದ್ದನ್ನು ಇದ್ದಂತೆ ಹೇಳಿದಳು. “ದೊಡ್ಡಾಸ್ಪತ್ರೆಯಲ್ಲೂ ಒಮ್ಮೆ ತೋರಿಸೋಣ, ನಾನೇ ಬರ್ತೀನಿ. ಆದ್ರೆ ಕೇಳಿಸೋ ಆಸೆ ಇಟ್ಕೋಬೇಡಿ. ಅವಳಿಗೀಗ ಬೇಕಾಗಿರೋದು ಭಾಷೆ. ಕೈಸನ್ನೆ ಕಲಿಸೋ ಶಾಲೆ ಇದೆ, ದೊಡ್ಡವರನ್ನೂ ಸೇರಿಸ್ಕೋತಾರೆ. ತಡವಾಗಿದೆ, ಎಷ್ಟು ಬರುತ್ತೋ ನಾನು ಹೇಳಲಾರೆ.”

ಅಣ್ಣ ತಲೆ ತಗ್ಗಿಸಿ ಟೋಪಿಯನ್ನು ಹಿಂಡುತ್ತಿದ್ದ. ಜೊತೆಗೆ ಬಂದಿದ್ದ ಟೈಲರಮ್ಮ, “ಹಗಲು ನನ್ನ ಕೋಣೆಯಲ್ಲಿರಲಿ ಬಿಡಪ್ಪ. ಗುಂಡಿ ಹಾಕೋಕೆ ಕಣ್ಣಿದ್ರೆ ಸಾಕು” ಎಂದರು.

ಐದು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಅಣ್ಣ ಒಬ್ಬನೇ ಅಂಗಡಿಗೆ ಬಂದ. ಮಾಲೀಕರು ಎದ್ದು ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ.

“ನಿನ್ನೆ ನನ್ನ ತಂಗಿ ನನ್ನನ್ನ ಒಂದು ಮಾತು ಕೇಳಿದಳು ಮೇಡಂ. ಕೈಯಲ್ಲಿ. ನನಗೆ ಅರ್ಥ ಆಗಲಿಲ್ಲ. ಟೀಚರ್ ಹೇಳಿದ್ರು.”

“ಏನು ಕೇಳಿದಳು?”

ಅವನು ಎರಡು ಅಂಗೈಗಳನ್ನು ಪಕ್ಕಪಕ್ಕದಲ್ಲಿ ಹಿಡಿದು, ನಿಧಾನವಾಗಿ ಕೂಡಿಸಿದ. ಆಮೇಲೆ ಒಂದು ಬೆರಳನ್ನು ಗಾಳಿಯಲ್ಲಿ ತಿರುಗಿಸಿ, ಹುಬ್ಬೆತ್ತಿ ತೋರಿಸಿದ.

“ಬಾಗಿಲು. ಯಾಕೆ?”

ಅವನ ಎರಡು ಅಂಗೈಗಳು ಇನ್ನೂ ಮುಚ್ಚಿದ ಬಾಗಿಲಂತೆ ಎದೆಯೆದುರು ಇದ್ದವು.

“ನೀವೇನು ಹೇಳಿದ್ರಿ ಅಣ್ಣ?”

“ಏನೂ ಹೇಳಕ್ಕಾಗಲಿಲ್ಲ. ಮಾತು ಬಾಯಿಗೆ ಬಂತು, ಅವಳಿಗೆ ಅದು ಕೇಳಿಸಲ್ಲವಲ್ಲ.” ಅವನು ಕೈಗಳನ್ನು ಕೆಳಗಿಳಿಸಿದ. “ಬೇಕರೀಲಿ ಹೇಳಿ ಸಂಜೆ ಪಾಳಿ ಹಾಕಿಸ್ಕೊಂಡಿದ್ದೀನಿ. ನಾಳೆಯಿಂದ ಬೆಳಿಗ್ಗೆ ನಾನೂ ಅದೇ ಕ್ಲಾಸಿಗೆ ಹೋಗ್ತೀನಿ, ಅವಳ ಪಕ್ಕದ ಬೆಂಚಿಗೆ.”