ಹುಲ್ಲುಗಾವಲಾಗಿ ಕಂಡ ಕೆರೆ

ಮಧ್ಯಾಹ್ನ ಮೂರಕ್ಕೆ ವರದಿ ಹೊರಡಬೇಕಿತ್ತು. ದೇಶದಲ್ಲಿ ಎಷ್ಟು ನೀರಿದೆ, ಎಷ್ಟು ಕಾಡಿದೆ ಎಂದು ಉಪಗ್ರಹದ ಚಿತ್ರಗಳಿಂದ ಅಳೆದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಒಪ್ಪಿಸುವ ಕಚೇರಿ ಅದು. ಆ ಚಿತ್ರಗಳನ್ನು ಪರಿಶೀಲಿಸುವವಳು ಆಕಾಶದಿಂದಲೇ ನೆಲ ನೋಡುತ್ತಾಳೆಂದು ಅಲ್ಲಿ ಎಲ್ಲರೂ ಅವಳನ್ನು ಹದ್ದಕ್ಕ ಎನ್ನುತ್ತಿದ್ದರು.

ಬತ್ತಿದ ಕೆರೆಗಳ ಪಟ್ಟಿಯ ಮೇಲೆ ಕೊನೆಯ ಸಲ ಕಣ್ಣಾಡಿಸುವಾಗ ಹದ್ದಕ್ಕನ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಅತ್ತೆಯ ಮನೆ ಎದುರಿನ ಕೆರೆ! ಒಮ್ಮೆ ಈ ಪಟ್ಟಿಗೆ ಸೇರಿತೆಂದರೆ ಮುಗಿಯಿತು. ಅಲ್ಲಿ ಮಣ್ಣು ಸುರಿದು ಬಸ್ ನಿಲ್ದಾಣ ಕಟ್ಟಲು ನಗರಸಭೆ ತುದಿಗಾಲಲ್ಲಿ ನಿಂತಿತ್ತು.

ತಕ್ಷಣ ಫೋನ್ ಮಾಡಿದಳು. "ಅತ್ತೆ, ಕೆರೇಲಿ ನೀರಿದೆಯಾ?"

"ಇದೇನೇ ಪ್ರಶ್ನೆ? ಈಗಷ್ಟೇ ಕಾಲು ಜಾರಿ ಒಂದು ಚಪ್ಪಲಿ ಅದಕ್ಕೇ ಕೊಟ್ಟು ಬಂದೆ. ಪಾಪ, ದೋಣಿಯಣ್ಣ ಹುಡುಕ್ತಿದಾನೆ."

"ನಮ್ಮ ಚಿತ್ರದಲ್ಲಿ ಹುಲ್ಲುಗಾವಲು ಅಂತ ಬಂದಿದೆ! ಮೋಡ ಇರಲ್ಲ ಅಂತ ಪ್ರತಿ ವರ್ಷ ಫೆಬ್ರವರಿ ಕೊನೇ ವಾರದ ಚಿತ್ರಾನೇ ತಗೋತೀವಿ."

"ಅಯ್ಯೋ ಪೆದ್ದೀ! ಈ ಸಲ ಆಗ ಕೆರೆ ತುಂಬ ಅಂತರಗಂಗೆ ಕಳೆ ಹಾಸಿಕೊಂಡಿತ್ತು, ಒಂದು ತೊಟ್ಟು ನೀರು ಕಾಣ್ತಿರಲಿಲ್ಲ. ತಡಿ, ಅದನ್ನ ಎಳೆದು ಹಾಕಿದವನಿಗೇ ಫೋನ್ ಕೊಡ್ತೀನಿ."

ದೋಣಿಯಣ್ಣನ ದನಿ ಏದುಸಿರಿನಲ್ಲಿ ಬಂತು. "ನನ್ನ ದೋಣಿ ಹುಲ್ಲಿನ ಮೇಲೆ ತೇಲತ್ತೇನಮ್ಮಾ? ಕಳೆ ಪೂರ್ತಿ ತೆಗೆದಿದ್ದು ಮಾರ್ಚ್ ಹತ್ತಕ್ಕೆ. ಅವತ್ತೇ ನನ್ನ ಮೊಮ್ಮಗಳು ಹುಟ್ಟಿದ್ದು, ಮರೀತೀನಾ?"

ಹದ್ದಕ್ಕ ನಿರ್ದೇಶಕರ ಕೋಣೆಗೆ ಓಡಿದಳು. ಗಂಟೆ ಎರಡೂ ನಲವತ್ತು.

"ಅತ್ತೆ ಮಾತನ್ನ ಸೊಸೆಯರೇ ನಂಬಲ್ಲ, ಸರ್ಕಾರ ನಂಬತ್ತಾ?" ಎಂದರು ಅವರು. ಆದರೂ ಎದ್ದು ಅವಳ ಹಿಂದೆಯೇ ಬಂದರು. ಬರುವ ಮುನ್ನ, ವರದಿ ಎಲ್ಲಿ ಎಂದು ಯಾರೂ ಕರೆ ಮಾಡದಂತೆ, ಮೇಜಿನ ಮೇಲಿನ ಫೋನಿನ ರಿಸೀವರನ್ನು ಸದ್ದಿಲ್ಲದೆ ಪಕ್ಕಕ್ಕೆತ್ತಿಟ್ಟರು.

ಹದ್ದಕ್ಕನ ಕಂಪ್ಯೂಟರ್ ಪರದೆಯಲ್ಲಿ ಮಾರ್ಚ್ ಹನ್ನೆರಡರ ಚಿತ್ರ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಮೋಡ. ಮತ್ತೆ ಮೋಡ. ಯಾರೋ "ಛೇ" ಎಂದರು. ಆಮೇಲೆ ಮನೆಗಳ ಸೂರು, ಏರಿಯ ಗೆರೆ, ಅದರ ಕೆಳಗೆ ಕಾಡಿಗೆ ಬಳಿದಂತೆ ಕಪ್ಪಗೆ, ಅಂಚಿನಿಂದ ಅಂಚಿಗೆ, ನೀರು!

ಇಡೀ ಕೋಣೆ ಹೋ ಎಂದಿತು. ಟೈಪಿಸ್ಟಮ್ಮ ಕುರ್ಚಿ ಬೀಳಿಸಿಯೇ ಎದ್ದರು.

ನಿರ್ದೇಶಕರು ಮಾತ್ರ ಪಟ್ಟಿಯನ್ನೇ ನೋಡುತ್ತಿದ್ದರು. "ಉಳಿದ ಮೂವತ್ತೆಂಟು ಕೆರೆಗಳ ಪಕ್ಕ ನಿಮ್ಮತ್ತೆ ಇಲ್ಲವಲ್ಲಮ್ಮ."

ಹದ್ದಕ್ಕನ ನಗು ಅರ್ಧಕ್ಕೇ ನಿಂತಿತು. "ಎಲ್ಲಾನೂ ನೋಡ್ತೀವಿ ಸಾರ್. ಎರಡು ದಿನ ಕೊಡಿಸಿ."

ತಪ್ಪು ತಮ್ಮದೆಂದು ತಮ್ಮ ಹೆಸರಿನಲ್ಲೇ ಸರ್ಕಾರಕ್ಕೆ ಪತ್ರ ಬರೆದು ನಿರ್ದೇಶಕರು ಎರಡು ದಿನ ಕೇಳಿದರು. ಒಪ್ಪಿಗೆ ಬರುವ ಮೊದಲೇ ಎಲ್ಲರೂ ಕೆರೆಗಳನ್ನು ಹಂಚಿಕೊಂಡಿದ್ದರು. ಯಾವ ಕೆರೆಗೆ ಯಾವ ವಾರದ ಚಿತ್ರ ಎಂದು ದಡದವರನ್ನೇ ಕೇಳುವ ಫೋನುಗಳು ಶುರುವಾಗಿದ್ದವು. ಸಂಜೆಯೊಳಗೆ ಇನ್ನೂ ನಾಲ್ಕು ಕೆರೆಗಳು ಪಟ್ಟಿಯಿಂದ ಎದ್ದು ಬಂದವು.

ಅಷ್ಟರಲ್ಲಿ ಅತ್ತೆಯ ಫೋನು.

"ಚಪ್ಪಲಿ ಸಿಕ್ತು ಕಣೇ!"

"ಕೆರೇನೂ ಸಿಕ್ತು ಅತ್ತೆ," ಎಂದಳು ಹದ್ದಕ್ಕ. "ದೋಣಿಯಣ್ಣನಿಗೆ ಈಗಲೇ ಹೇಳಿ."