ಗುಡ್ಡದ ರಸ್ತೆಯ ಸವಾರಿ

ಮಂತ್ರಿಗಳ ವಾಹನಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಓಡುವ ಕಾರು ಅವನದು. ಅದನ್ನು ಪೈಲಟ್ ಕಾರು ಅನ್ನುತ್ತಾರೆ. ಹಾಗಾಗಿ ಬೀದಿಯವರೆಲ್ಲ ಅವನನ್ನೇ ಪೈಲಟ್ ಎಂದು ಕರೆಯತೊಡಗಿದ್ದರು. ವಿಮಾನ ಯಾವಾಗ ಹಾರಿಸುತ್ತೀಯ ಎಂದು ಅತ್ತಿಗೆ ಕಾಲೆಳೆಯುತ್ತಿದ್ದಳು. ಅವನೂ ನಗುತ್ತಿದ್ದ. ಸೈರನ್ ಹಾಕಿ ಹೊರಟರೆ ಇಡೀ ಪೇಟೆ ಬದಿಗೆ ಸರಿದು ದಾರಿ ಬಿಡುವುದು ಅವನಿಗೆ ಒಳಗೊಳಗೇ ಖುಷಿ ಕೊಡುತ್ತಿತ್ತು.

ಅವನಿಗೆ ಗಾಡಿ ಓಡಿಸಲು ಕಲಿಸಿದವನು ಅಣ್ಣ. ಅಣ್ಣ ಲಾರಿ ಡ್ರೈವರ್, ಲಾರಿಯವರ ಸಂಘಕ್ಕೂ ಅವನೇ ಮುಂದಾಳು. ಪೈಲಟ್‌ಗೆ ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ವಾಸ, ಊಟ ಕೆಳಗೆ. ತಟ್ಟೆಯ ಮುಂದೆ ಕೂತರೆ ಅಣ್ಣನಿಗೆ ಮಾತು ಕಟ್ಟೆಯೊಡೆಯುತ್ತಿತ್ತು. ಯಾರ ಟಯರು ಒಡೆಯಿತು, ಯಾವ ಮಾಲೀಕ ಬಾಯಿ ಮಾಡಿದ, ಸಂಘದಲ್ಲಿ ಯಾರು ಮುನಿಸಿಕೊಂಡರು, ಎಲ್ಲವೂ ಬರುತ್ತಿತ್ತು. ಊಟ ಆರಿಹೋಗುತ್ತದೆ ಎಂದು ಅತ್ತಿಗೆ ಗದರುವವರೆಗೂ ನಿಲ್ಲುತ್ತಿರಲಿಲ್ಲ.

ಆ ವರ್ಷ ಹೊಳೆಯ ಸೇತುವೆ ಬಿರುಕು ಬಿಟ್ಟಿತೆಂದು ಭಾರದ ಗಾಡಿಗಳನ್ನು ಅದರ ಮೇಲೆ ಬಿಡುವುದು ನಿಲ್ಲಿಸಿದರು. ಕಾರುಗಳು ಹೋಗಬಹುದು, ಲಾರಿಗಳು ಮಾತ್ರ ಗುಡ್ಡದ ರಸ್ತೆ ಹಿಡಿದು ಸುತ್ತಿ ಬರಬೇಕು. ಕಡಿದಾದ ಇಳಿಜಾರು, ತಡೆಗೋಡೆಯಿಲ್ಲದ ತಿರುವುಗಳು. ಎದುರಿಗೆ ಇನ್ನೊಂದು ಲಾರಿ ಬಂದರೆ ಉಸಿರು ಬಿಗಿಹಿಡಿದೇ ದಾಟಬೇಕು. ಒಂದು ದಿನ ಸಿಮೆಂಟು ತುಂಬಿದ ಲಾರಿಯೊಂದರ ಬ್ರೇಕು ಹಿಡಿಯದೆ ಅದು ತಿರುವಿನಿಂದ ಉರುಳಿತು. ಡ್ರೈವರ್ ಅಲ್ಲೇ ಸತ್ತ. ಅವನು ಅಣ್ಣನ ಜೊತೆಗೇ ಕೆಲಸ ಕಲಿತವನು.

ಸೇತುವೆ ಬೇಗ ರಿಪೇರಿ ಮಾಡಿ, ಅಲ್ಲಿಯವರೆಗೆ ಗುಡ್ಡದ ತಿರುವುಗಳಿಗೆ ಗೋಡೆಯನ್ನಾದರೂ ಕಟ್ಟಿಸಿ ಎಂದು ಅಣ್ಣ ಕಚೇರಿಯಿಂದ ಕಚೇರಿಗೆ ಅಲೆದ. ಎಲ್ಲ ಕಡೆಯೂ ನೋಡೋಣ ಅಂದರೇ ಹೊರತು ಯಾರೂ ಬಂದು ನೋಡಲಿಲ್ಲ. ಅಷ್ಟರಲ್ಲಿ ಮಂತ್ರಿಗಳು ಹೊಳೆಯಾಚೆಯ ಹೊಸ ಆಸ್ಪತ್ರೆಯನ್ನು ಉದ್ಘಾಟಿಸಲು ಹೋಗುತ್ತಾರೆಂಬ ಸುದ್ದಿ ಬಂತು. ಹೋಗುವುದು ಸೇತುವೆಯ ಮೇಲೇ.

ಹಿಂದಿನ ದಿನ ಊಟಕ್ಕೆ ಕೂತಾಗ ಅಣ್ಣ ಎಲ್ಲವನ್ನೂ ಹೇಳಿದ. ಬೆಳಿಗ್ಗೆ ಒಂದು ಲಾರಿಯೂ ಕೆಲಸಕ್ಕೆ ಹೋಗುವುದಿಲ್ಲ. ಎಲ್ಲವೂ ಸಾಲಾಗಿ ಹೊರಟು ಸೇತುವೆಗೆ ಬರುವ ರಸ್ತೆಯಲ್ಲಿ ನಿಲ್ಲುತ್ತವೆ. ಕೂಗಾಟವಿಲ್ಲ, ಕಲ್ಲು ತೂರುವುದಿಲ್ಲ. ಸತ್ತ ಡ್ರೈವರನ ಹೆಂಡತಿ ಮೊದಲ ಲಾರಿಯಲ್ಲಿ ಕೂತಿರುತ್ತಾಳೆ. ಮಂತ್ರಿಗಳ ಕಾರು ನಿಂತರೆ ಅವಳೇ ಇಳಿದು ಮಾತಾಡುತ್ತಾಳೆ, ನಾವ್ಯಾರೂ ಬಾಯಿ ಬಿಡುವುದಿಲ್ಲ ಅಂದ. ಅಣ್ಣನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಬಂದಿತ್ತು.

ಪೈಲಟ್‌ಗೆ ಮಾತ್ರ ಆಮೇಲೆ ಊಟ ಸೇರಲಿಲ್ಲ. ಮುಂದಿನ ಕಾರಿನಲ್ಲಿ ಇರುವವನು ತಾನು. ಲಾರಿಗಳು ಅಡ್ಡ ಬಂದರೆ ಹಿಂದಿನ ಜೀಪುಗಳಿಂದ ಕಾವಲಿನವರು ಧುಮುಕುತ್ತಾರೆ. ಅವರ ಕೈಗೆ ಮೊದಲು ಸಿಗುವವನು ಅಣ್ಣನೇ. ಬೆಳಿಗ್ಗೆ ಹೊರಡುವ ಮುಂಚೆ ಭದ್ರತೆಯ ಅಧಿಕಾರಿ ಎಲ್ಲ ಡ್ರೈವರುಗಳನ್ನೂ ಸೇರಿಸಿ, ದಾರಿಯ ಬಗ್ಗೆ ಯಾರಿಗಾದರೂ ಏನಾದರೂ ಗೊತ್ತಿದೆಯೇ ಎಂದು ಕೇಳಿದ. ಎಂದಿನಂತೆ ಕೇಳುವ ಪ್ರಶ್ನೆ ಅದು, ಯಾರೂ ಉತ್ತರ ಕೊಡುತ್ತಿರಲಿಲ್ಲ. ಪೈಲಟ್ ಕೊಟ್ಟ. ಅಣ್ಣನ ಹೆಸರೆತ್ತಲಿಲ್ಲ, ಸೇತುವೆಯ ಹತ್ತಿರ ಲಾರಿಗಳು ನಿಲ್ಲುತ್ತವಂತೆ ಎಂದಷ್ಟೇ ಅಂದ. ಅಣ್ಣನನ್ನು ಉಳಿಸುತ್ತಿದ್ದೇನೆ ಅಂದುಕೊಂಡ. ಅಧಿಕಾರಿ ಹೆಗಲು ತಟ್ಟಿದಾಗ ಅದೂ ಹಿತವಾಗಿಯೇ ಇತ್ತು.

ಅಧಿಕಾರಿ ನಕ್ಷೆ ನೋಡಿ ಗುಡ್ಡದ ರಸ್ತೆಯಲ್ಲೇ ಹೋಗೋಣ ಅಂದ. ಸೇತುವೆ ಬಿಟ್ಟರೆ ಹೊಳೆಯಾಚೆ ಹೋಗಲು ಅದೊಂದೇ ದಾರಿ ಎಂಬುದು ಪೈಲಟ್‌ಗೆ ಆ ಹೊತ್ತಿನವರೆಗೆ ಹೊಳೆದೇ ಇರಲಿಲ್ಲ.

ಅವತ್ತು ಗುಡ್ಡದ ಮೇಲೆ ಒಂದೇ ಒಂದು ಲಾರಿ ಇರಲಿಲ್ಲ. ಎಲ್ಲವೂ ಸೇತುವೆಯ ಹತ್ತಿರ ಬಿಸಿಲಲ್ಲಿ ನಿಂತಿದ್ದವು. ಖಾಲಿ ರಸ್ತೆಯಲ್ಲಿ ಕಾರುಗಳು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋದವು. ಆ ತಿರುವು ಬಂದಾಗ, ಕೆಳಗಿನ ಬಂಡೆಗಳ ಮೇಲೆ ಇನ್ನೂ ಬೂದು ಬಣ್ಣದ ಸಿಮೆಂಟು ಗಟ್ಟಿಯಾಗಿ ಅಂಟಿಕೊಂಡಿರುವುದು ಪೈಲಟ್‌ಗೆ ಕಾಣಿಸಿತು. ಹಿಂದಿನವರಿಗೂ ಕಾಣಲಿ ಎಂದು ಅವನು ಕಾಲು ಸಡಿಲಿಸಿದ. ಏಕೆ ನಿಧಾನ, ನಡೆ ಎಂದು ವೈರ್‌ಲೆಸ್ಸಿನಲ್ಲಿ ಅಧಿಕಾರಿಯ ದನಿ ಬಂತು. ಅವನು ಮತ್ತೆ ವೇಗ ಹೆಚ್ಚಿಸಿದ.

ಆಸ್ಪತ್ರೆಯ ಅಂಗಳದಲ್ಲಿ ಪತ್ರಿಕೆಯವರು ಲಾರಿಯವರ ಕಷ್ಟದ ಬಗ್ಗೆ ಕೇಳಿದರು. ಮಂತ್ರಿಗಳು ಅಚ್ಚರಿಯಿಂದಲೇ ಹೇಳಿದರು: "ನಾನು ಈಗ ಅದೇ ರಸ್ತೆಯಲ್ಲಿ ಬಂದೆನಲ್ಲ. ಚೆನ್ನಾಗೇ ಇದೆ."

ಅವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಕಂಡದ್ದು ಅಷ್ಟೇ. ಆದರೆ ಆ ಒಂದು ಮಾತು ಮರುದಿನದ ಪತ್ರಿಕೆಗಳಲ್ಲಿ ಬಂದಮೇಲೆ ಅಣ್ಣನ ಅರ್ಜಿಗಳಿಗೆ ಯಾವ ಕಚೇರಿಯಲ್ಲೂ ಬೆಲೆ ಉಳಿಯಲಿಲ್ಲ.

ಅಣ್ಣ ಏನೂ ಕೇಳಲಿಲ್ಲ. ಮಾತು ಬಿಡಲೂ ಇಲ್ಲ. ಬಿಸಿಲು ಹೆಚ್ಚಾಯಿತು, ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ, ನಿನಗೊಂದು ಹೊಸ ಚಪ್ಪಲಿ ಬೇಕು ಎನ್ನುತ್ತಿದ್ದ. ಲಾರಿಯ ಮಾತು, ಸಂಘದ ಮಾತು ಮಾತ್ರ ಆ ಮನೆಯಲ್ಲಿ ನಿಂತೇಹೋಯಿತು. ಊಟ ಬೇಗ ಮುಗಿಯುತ್ತಿತ್ತು. ಅಣ್ಣನಿಗೆ ಬೇಸರ, ಅಷ್ಟೇ ಎಂದು ಪೈಲಟ್ ತನಗೆ ತಾನೇ ಹೇಳಿಕೊಂಡ.

ಮಳೆಗಾಲದಲ್ಲಿ ಇನ್ನೊಂದು ಲಾರಿ ಜಾರಿತು. ಡ್ರೈವರ್ ಬದುಕಿದ, ಆದರೆ ಕಾಲು ಹೋಯಿತು. ಸುದ್ದಿ ಬಂದ ದಿನ ಅತ್ತಿಗೆಗೆ ತಡೆಯಲಾಗಲಿಲ್ಲ. ಅವಳು ಪೈಲಟ್‌ಗೆ ಎಲ್ಲವನ್ನೂ ಹೇಳಿಬಿಟ್ಟಳು. ಲಾರಿಗಳು ಸೇತುವೆಯ ಬಳಿ ನಿಲ್ಲುವ ಸುದ್ದಿ ಯಾರಿಂದ ಸೋರಿತು ಎಂದು ಸಂಘದಲ್ಲಿ ದೊಡ್ಡ ಗಲಾಟೆ ಎದ್ದಿತ್ತಂತೆ. ಕೆಲವರು ನೇರವಾಗಿ ಪೈಲಟ್‌ನ ಹೆಸರನ್ನೇ ಹಿಡಿದಿದ್ದರು. ಅಣ್ಣ ಎದ್ದು ನಿಂತು, ಚಹಾದಂಗಡಿಯಲ್ಲಿ ತನ್ನದೇ ಬಾಯಿ ಜಾರಿತು, ತಮ್ಮನಿಗೆ ಏನೂ ಗೊತ್ತಿರಲಿಲ್ಲ ಎಂದನಂತೆ. ಅವತ್ತೇ ಅವನನ್ನು ಮುಂದಾಳುತನದಿಂದ ಇಳಿಸಿದರು. ಜೊತೆಗೆ ಬೆಳೆದವರೇ ಈಗ ಅವನು ಬಂದರೆ ಮಾತು ನಿಲ್ಲಿಸುತ್ತಾರೆ ಎಂದು ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಪೈಲಟ್ ಹೋದಾಗ ಅಣ್ಣ ಲಾರಿ ನಿಲ್ಲಿಸುವ ಬಯಲಿನಲ್ಲಿ ಒಬ್ಬನೇ ಇದ್ದ. ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹಾಕುತ್ತಿದ್ದ.

"ಅವತ್ತು ಹೇಳಿದ್ದು ನಾನೇ ಅಣ್ಣ," ಅಂದ ಪೈಲಟ್.

"ಗೊತ್ತು."

"ನಿನಗೆ ಹೊಡೀತಾರೆ ಅಂತ ಹೆದರಿಕೆ ಆಯ್ತು."

"ಹೊಡೆದಿದ್ರೆ ಹೊಡೆಸ್ಕೋತಿದ್ದೆ." ಅಣ್ಣ ಕೊಡದಲ್ಲಿ ಉಳಿದ ನೀರನ್ನು ನೆಲಕ್ಕೆ ಸುರಿದ. "ನೀನು ಬಂದು ಹೇಳ್ತೀಯ ಅಂತ ಕಾದೆ ಕಣೋ. ದಿನಾ ಊಟಕ್ಕೆ ಕೂತಾಗ, ಇವತ್ತು ಹೇಳ್ತಾನೆ ಅಂದ್ಕೋತಿದ್ದೆ. ಮಳೆ ಶುರುವಾದ ಮೇಲೆ ಕಾಯೋದು ಬಿಟ್ಟೆ."

ಸಂಘಕ್ಕೆ ಬಂದು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ ಎಂದು ಪೈಲಟ್ ಹೇಳಿದ. ಅಣ್ಣ ಬೇಡ ಅನ್ನಲಿಲ್ಲ. ಮೊದಲು ಹೋಗಬೇಕಾದ ಮನೆ ಬೇರೆ ಇದೆ ಎಂದ.

ಸತ್ತ ಡ್ರೈವರನ ಹೆಂಡತಿ ಬಾಡಿಗೆಯ ಒಂದು ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಕಿಟಕಿಯ ಬಳಿ ಮಷೀನು, ಮಂಚದ ತುಂಬ ಕತ್ತರಿಸಿದ ತುಂಡುಗಳು. ಪೈಲಟ್ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಅವಳು ಮಷೀನು ನಿಲ್ಲಿಸಿ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಆ ದಿನ ಸಂಜೆಯವರೆಗೂ ಲಾರಿಯಿಂದ ಇಳಿದಿರಲಿಲ್ಲವಂತೆ, ಇಳಿದಾಗಲೇ ಕಾರು ಬಂದುಬಿಟ್ಟರೆ ಎಂದು. ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಕೊಂಡಿದ್ದಳಂತೆ.

ಅವಳು ತಲೆಯೆತ್ತಿದಳು.

"ನೀವು ಅವರ ಮುಂದೆ ಮುಂದೆ ಹೋಗೋರಲ್ವಾ, ನಿಮಗೆ ಗೊತ್ತಿರತ್ತೆ. ನಾವು ಅಲ್ಲಿ ನಿಂತಿರೋದು ನೋಡಿದ್ರೆ ಅವರು ಕಾರಿಂದ ಇಳೀತಿದ್ರಾ?"

ಇಲ್ಲ ಅಂದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. ಆ ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಮಂತ್ರಿಗಳು ದಾರಿಯಲ್ಲಿ ಕಾರು ನಿಲ್ಲಿಸಿ, ಕೈ ಮುಗಿದು ನಿಂತ ಮುದುಕಿಯರ ಮಾತು ಕೇಳಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಂಥ ಹೊತ್ತಿನಲ್ಲಿ ಅಧಿಕಾರಿ ಚಡಪಡಿಸುತ್ತಿದ್ದ, ಮಂತ್ರಿಗಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ಇಳೀತಿದ್ರು," ಅಂದ ಪೈಲಟ್.

"ಹೌದಾ," ಅಂದಳು ಅವಳು. ಕೈಯಲ್ಲಿದ್ದ ಬಟ್ಟೆಯ ಮಡಿಕೆಯನ್ನು ಉಗುರಿನಿಂದ ತೀಡಿ ತೀಡಿ ನೇರ ಮಾಡಿದಳು. ಮಷೀನು ಮಾತ್ರ ಮತ್ತೆ ತುಳಿಯಲಿಲ್ಲ. ಅವನು ಬಾಗಿಲು ದಾಟಿ ಬೀದಿಗೆ ಇಳಿದ ಮೇಲೂ ಒಳಗಿಂದ ಸದ್ದಿರಲಿಲ್ಲ.